ಹರಕೆಯೂ ಇರಲಿ, ಔಷಧಿಯೂ ತಪ್ಪದಿರಲಿ

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದೋ, ಹೃದಯದ ಆಪರೇಷನ್ ಆಗಬೇಕೆಂದೋ, ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಿವೆ ಎಂದೋ ಡಾಕ್ಟರು ಹೇಳಿದ ದಿನ ಎರಡು ಕೆಲಸಗಳು ಒಟ್ಟಿಗೇ ಶುರುವಾಗುತ್ತವೆ. ಒಬ್ಬರು ರಿಪೋರ್ಟುಗಳನ್ನೆಲ್ಲ ಜೋಡಿಸಿಕೊಂಡು ದೊಡ್ಡ ಆಸ್ಪತ್ರೆ ಎಲ್ಲಿದೆ, ಖರ್ಚು ಎಷ್ಟಾಗುತ್ತದೆ ಎಂದು ವಿಚಾರಿಸುತ್ತಾರೆ. ಇನ್ನೊಬ್ಬರು ದೇವರ ಮುಂದೆ ದೀಪ ಹಚ್ಚಿ ಹರಕೆ ಹೇಳಿಕೊಳ್ಳುತ್ತಾರೆ. ಇಬ್ಬರ ಆಸೆಯೂ ಒಂದೇ. ಆದರೂ ಎಷ್ಟೋ ಮನೆಗಳಲ್ಲಿ ಇವರಿಬ್ಬರ ನಡುವೆಯೇ ವಾದ ಹುಟ್ಟುತ್ತದೆ. 'ನಾಳೆಯೇ ಅಡ್ಮಿಟ್ ಮಾಡೋಣ' ಎನ್ನುತ್ತಾನೆ ಮಗ. 'ಮನೆದೇವರಿಗೆ ಹೋಗಿಬಾರದೆ ಮೈಗೆ ಕತ್ತಿ ಮುಟ್ಟಿಸುವುದು ಬೇಡ' ಎನ್ನುತ್ತಾರೆ ಅಜ್ಜಿ. ಕಾಯಿಲೆಯವರು ಮಾತ್ರ ನಡುವೆ ಸುಮ್ಮನೆ ಮಲಗಿರುತ್ತಾರೆ.

ದೇವರನ್ನು ಬಿಡಿ ಎಂದು ಹೇಳಲು ಈ ಲೇಖನ ಬರೆದದ್ದಲ್ಲ. ಭಯ ಬಂದಾಗ ನಂಬಿದ್ದನ್ನು ಹಿಡಿದುಕೊಳ್ಳುವುದು ಮನುಷ್ಯ ಸಹಜ. ಆದರೆ ಒಂದು ವ್ಯತ್ಯಾಸವನ್ನು ಮನೆಯವರೆಲ್ಲರೂ ಮನಗಾಣಬೇಕು. ಪ್ರಾರ್ಥನೆಗೆ ಗಡುವು ಇಲ್ಲ. ಅದನ್ನು ಎಲ್ಲಿ ಬೇಕಾದರೂ, ಯಾವಾಗ ಬೇಕಾದರೂ ಮಾಡಬಹುದು. ಚಿಕಿತ್ಸೆಗೆ ಗಡುವು ಇದೆ. ಇದೊಂದನ್ನು ಒಪ್ಪಿಕೊಂಡರೆ ಮನೆಯ ವಾದ ಮುಕ್ಕಾಲು ಪಾಲು ಮುಗಿದಂತೆ.

ಪರಂಪರೆ ಏನು ಹೇಳುತ್ತದೆ?

'ದೇವರನ್ನು ನಂಬುವವರು ಔಷಧಿಗೆ ಮೊರೆಹೋಗಬಾರದು' ಎಂಬ ಮಾತು ನಮ್ಮ ಪರಂಪರೆಯದಲ್ಲ. ಆಯುರ್ವೇದದ ಪ್ರಮುಖ ಗ್ರಂಥವಾದ ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ಮಂತ್ರ, ಹೋಮ, ವ್ರತಗಳನ್ನು ಆಶ್ರಯಿಸಿದ್ದು ದೈವವ್ಯಪಾಶ್ರಯ. ಯುಕ್ತಿಯಿಂದ ಆಹಾರ, ಔಷಧಿಗಳನ್ನು ಯೋಜಿಸುವುದು ಯುಕ್ತಿವ್ಯಪಾಶ್ರಯ. ಮನಸ್ಸನ್ನು ಹತೋಟಿಗೆ ತರುವುದು ಸತ್ತ್ವಾವಜಯ. ಒಂದಿದ್ದರೆ ಇನ್ನೊಂದು ಬೇಡವೆಂದು ಅಲ್ಲಿ ಹೇಳಿಲ್ಲ. ಅದೇ ಗ್ರಂಥದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧಿ, ಆರೈಕೆ ಮಾಡುವವರು ಮತ್ತು ರೋಗಿ. ವೈದ್ಯನೂ ಔಷಧಿಯೂ ಇಲ್ಲದ ಚಿಕಿತ್ಸೆ ಎರಡು ಕಾಲು ಮುರಿದ ಮಂಚದಂತೆ.

ಇಸ್ಲಾಮಿನಲ್ಲಿಯೂ ಹೀಗೆಯೇ. ರಮ್ಜಾನ್ ಉಪವಾಸವನ್ನು ಕಡ್ಡಾಯ ಮಾಡುವ ಕುರ್‌ಆನಿನ ಬಕರಾ ಅಧ್ಯಾಯವೇ ಕಾಯಿಲೆಯಲ್ಲಿರುವವರಿಗೆ ವಿನಾಯಿತಿ ಕೊಟ್ಟು, ಬಿಟ್ಟುಹೋದ ದಿನಗಳನ್ನು ಮುಂದೆ ತುಂಬಿಕೊಡಲು ಅವಕಾಶ ನೀಡಿದೆ. ಸುವಾರ್ತೆ ಬರೆದ ಸಂತ ಲೂಕರು ವೃತ್ತಿಯಲ್ಲಿ ವೈದ್ಯರಾಗಿದ್ದರೆಂಬುದು ಕ್ರೈಸ್ತ ಪರಂಪರೆಯ ನಂಬಿಕೆ. ಅಂದರೆ ಚಿಕಿತ್ಸೆ ಪಡೆಯುವುದು ದೇವರ ಮೇಲಿನ ಅಪನಂಬಿಕೆ ಎಂದು ಈ ಪರಂಪರೆಗಳು ಭಾವಿಸಿಲ್ಲ.

ಕಾಯಿಲೆ ಕಾಯುವುದಿಲ್ಲ

ಗಡುವು ಎಂದರೇನೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಗರ್ಭಕೊರಳಿನ ಕ್ಯಾನ್ಸರ್ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳ ಸಾಮಾನ್ಯ. ಮೊದಲ ಹಂತದಲ್ಲಿಯೇ ಪತ್ತೆಯಾಗಿ ಸರಿಯಾದ ಚಿಕಿತ್ಸೆ ದೊರೆತರೆ 100ರಲ್ಲಿ 80ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ನಾಲ್ಕನೆಯ ಹಂತಕ್ಕೆ ಬಂದ ಮೇಲೆ ಈ ಸಂಖ್ಯೆ 20ರ ಆಸುಪಾಸಿಗೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಕಾಯಿಲೆ ಅದೇ, ಆಸ್ಪತ್ರೆ ಅದೇ, ಔಷಧಿಯೂ ಅದೇ. ಬದಲಾದದ್ದು ಬಂದ ಸಮಯ ಮಾತ್ರ.

ಚಿಕಿತ್ಸೆ ಶುರುವಾದ ಮೇಲೂ ಗಡುವು ತಪ್ಪಿದ್ದಲ್ಲ. ಜನರು 'ಕರೆಂಟು ಕೊಡುವುದು' ಎನ್ನುವ ವಿಕಿರಣ ಚಿಕಿತ್ಸೆಯನ್ನು ಈ ಕ್ಯಾನ್ಸರಿಗೆ ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಹೊರಗಿನಿಂದ ಕೊಡುತ್ತಾರೆ. ಅನಂತರ ಒಳಗಿನಿಂದಲೂ ಕೊಡುತ್ತಾರೆ. ಎಲ್ಲವೂ ಸೇರಿ ಎಂಟು ವಾರಗಳೊಳಗೆ ಮುಗಿಯಬೇಕು. ಅದಕ್ಕಿಂತ ತಡವಾದಷ್ಟೂ ಗಡ್ಡೆ ಮತ್ತೆ ಚಿಗುರುವ ಸಂಭವ ಹೆಚ್ಚುತ್ತದೆ. ಏಕೆಂದರೆ ಚಿಕಿತ್ಸೆ ನಿಂತ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕಣಗಳು ಬೆಳೆಯುತ್ತಲೇ ಇರುತ್ತವೆ. 'ಅರ್ಧ ಮುಗಿದಿದೆ, ನೋವೂ ಕಡಿಮೆಯಾಗಿದೆ, ಜಾತ್ರೆ ಮುಗಿಸಿಕೊಂಡು ಬರೋಣ' ಎಂದು ಹದಿನೈದು ದಿನ ಊರಿಗೆ ಹೋಗುವುದು ಎಷ್ಟು ಅಪಾಯವೆಂದು ಇದರಿಂದ ತಿಳಿಯುತ್ತದೆ. ನೋವು ಕಡಿಮೆಯಾಗುವುದು ಚಿಕಿತ್ಸೆ ಕೆಲಸ ಮಾಡುತ್ತಿರುವುದರ ಗುರುತೇ ಹೊರತು, ಮುಗಿದಿರುವುದರ ಗುರುತಲ್ಲ.

ಇಲ್ಲಿ ಅಮೆರಿಕದ ಎರಡು ಅಧ್ಯಯನಗಳನ್ನು ನೆನಪಿಸಬೇಕು. ಎರಡೂ 2018ರಲ್ಲಿ ಪ್ರಕಟವಾದವು. ಮೊದಲನೆಯದರಲ್ಲಿ, ದೇಹದ ಬೇರೆ ಭಾಗಗಳಿಗೆ ಹರಡಿರದ ಸ್ತನ, ಶ್ವಾಸಕೋಶ, ದೊಡ್ಡಕರುಳು ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ಇದ್ದು, ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಚಿಕಿತ್ಸೆಯನ್ನಷ್ಟೇ ಆಯ್ದುಕೊಂಡ 281 ರೋಗಿಗಳನ್ನು ಗಮನಿಸಲಾಯಿತು. ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಅವರಲ್ಲಿ ಸಾವಿನ ಸಂಭವ ಎರಡೂವರೆ ಪಟ್ಟು ಇತ್ತು. ಸ್ತನ ಕ್ಯಾನ್ಸರಿನಲ್ಲಿ ಅದು ಐದು ಪಟ್ಟನ್ನೂ ಮೀರಿತ್ತು.

ಎರಡನೆಯ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಇದರಲ್ಲಿದ್ದವರು ಆಸ್ಪತ್ರೆಯ ಚಿಕಿತ್ಸೆಯ ಜೊತೆಗೆ ಬೇರೆ ಪೂರಕ ಚಿಕಿತ್ಸೆಗಳನ್ನೂ ಮಾಡಿಕೊಂಡವರು. ಇವರಲ್ಲಿಯೂ ಸಾವಿನ ಸಂಭವ ಎರಡು ಪಟ್ಟು ಇತ್ತು! ಕಾರಣ ಹುಡುಕಿದಾಗ ತಿಳಿದದ್ದು ಇದು: ಅವರಲ್ಲಿ ಬಹಳ ಮಂದಿ ವೈದ್ಯರು ಹೇಳಿದ ಚಿಕಿತ್ಸೆಯ ಒಂದು ಭಾಗವನ್ನು ಬೇಡವೆಂದಿದ್ದರು. ಕಿಮೋಥೆರಪಿ ನಿರಾಕರಿಸಿದವರು ಈ ಗುಂಪಿನಲ್ಲಿ 100ಕ್ಕೆ 34 ಮಂದಿ. ಉಳಿದವರಲ್ಲಿ ಸುಮಾರು 3 ಮಂದಿ. ಜೊತೆಗೆ ಇನ್ನೊಂದನ್ನು ಸೇರಿಸಿಕೊಂಡದ್ದಕ್ಕಿಂತ, ಅದರ ಭರವಸೆಯಲ್ಲಿ ಮುಖ್ಯವಾದದ್ದನ್ನು ಬಿಟ್ಟದ್ದೇ ದೊಡ್ಡ ಹಾನಿ ಮಾಡಿತ್ತು. ನೀವು ದೇವಸ್ಥಾನಕ್ಕೋ ದರ್ಗಾಕ್ಕೋ ಚರ್ಚಿಗೋ ಹೋಗುವಾಗ ನೆನಪಿಡಬೇಕಾದ ಪಾಠವೂ ಇದೇ.

ಮುಡಿಪಿನ ಅರ್ಥ

ನಮ್ಮ ಹಿರಿಯರು ಮುಡಿಪು ಕಟ್ಟುತ್ತಿದ್ದುದು ನಿಮಗೆ ನೆನಪಿರಬಹುದು. ಕಷ್ಟ ಬಂದಾಗ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಗೂಡಿನಲ್ಲಿಟ್ಟು, 'ಇದು ವಾಸಿಯಾಗಲಿ, ನಿನ್ನ ಸನ್ನಿಧಿಗೆ ಬರುತ್ತೇವೆ' ಎಂದು ಹೇಳಿಕೊಳ್ಳುವುದು ವಾಡಿಕೆ. ಕಷ್ಟ ಕಳೆದ ಮೇಲೆ ಸಂಸಾರ ಸಮೇತ ಹೋಗಿ ಒಪ್ಪಿಸಿ ಬರುತ್ತಾರೆ. ಹರಕೆಯ ಸ್ವಭಾವವೇ ಇದು. ಹೇಳಿಕೊಳ್ಳುವುದು ಈಗ, ತೀರಿಸುವುದು ಆಮೇಲೆ.

ಈ ಪದ್ಧತಿಯಲ್ಲಿ ದೊಡ್ಡ ವಿವೇಕವಿದೆ. ಕಾಯಿಲೆಯವರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮೂರು ಕ್ಷೇತ್ರ ಸುತ್ತಿಸಿ ಆಮೇಲೆ ಆಸ್ಪತ್ರೆಗೆ ಕರೆತರಬೇಕಾಗಿಲ್ಲ. ಇಂದು ರಾತ್ರಿ ಮುಡಿಪು ಕಟ್ಟಿ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೊರಡಬಹುದು. ಅಜ್ಜಿಯ ಮನಸ್ಸಿಗೂ ಸಮಾಧಾನ, ಮಗನ ಕೆಲಸಕ್ಕೂ ಅಡ್ಡಿಯಿಲ್ಲ.

ಹಣದ ವಿಷಯದಲ್ಲಿಯೂ ಇದೇ ಕ್ರಮ ಒಳ್ಳೆಯದು. ದೊಡ್ಡ ಶಾಂತಿ, ಹೋಮ, ಅನ್ನಸಂತರ್ಪಣೆಗೆಂದು ಸಾಲ ಮಾಡಿ, ಔಷಧಿಗೆ ಹಣವಿಲ್ಲದೆ ಕೈಚೆಲ್ಲುವ ಕುಟುಂಬಗಳಿವೆ. ಚಿಕಿತ್ಸೆಯ ಹಣವನ್ನು ಮೊದಲು ಬೇರೆ ಎತ್ತಿಡಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಸರ್ಕಾರಿ ನೆರವಿನ ಆಸ್ಪತ್ರೆಗಳೂ ಇವೆ. ಸಾಲಕ್ಕೆ ಕೈಹಾಕುವ ಮೊದಲು ರೇಷನ್ ಕಾರ್ಡು, ಆಧಾರ್ ಕಾರ್ಡು ತೆಗೆದುಕೊಂಡು ಹೋಗಿ ವಿಚಾರಿಸಿ.

ದಿನ ನೋಡುವುದು, ಹೂ ಕೇಳುವುದು

ಆಷಾಢ, ಅಮಾವಾಸ್ಯೆ, ರಾಹುಕಾಲ ಎಂದು ಆಪರೇಷನ್ ಮುಂದೂಡುವವರು ಇಂದಿಗೂ ಇದ್ದಾರೆ. ಕೆಲವು ಆಪರೇಷನ್‌ಗಳನ್ನು ನಾಲ್ಕಾರು ದಿನ ಹಿಂದೆ ಮುಂದೆ ಮಾಡಿದರೆ ತೊಂದರೆಯಿಲ್ಲ. ಇನ್ನು ಕೆಲವಕ್ಕೆ ನಾಲ್ಕು ಗಂಟೆ ತಡವಾದರೂ ಪ್ರಾಣಕ್ಕೆ ಸಂಚಕಾರ. ಯಾವುದು ಯಾವ ಜಾತಿಯದೆಂದು ನಿಮಗೆ ತಿಳಿಯುವುದಿಲ್ಲ, ವೈದ್ಯರಿಗೆ ತಿಳಿದಿರುತ್ತದೆ. ಆದ್ದರಿಂದ ಸಂಕೋಚವಿಲ್ಲದೆ ಕೇಳಿ: 'ಡಾಕ್ಟ್ರೇ, ಮನೆಯಲ್ಲಿ ಹಿರಿಯರು ದಿನ ನೋಡುತ್ತಾರೆ. ಎಷ್ಟು ದಿನ ಕಾಯಬಹುದು? ಕಾದರೆ ಏನಾಗುತ್ತದೆ?' ಅವರು 'ಒಂದು ವಾರದೊಳಗೆ' ಎಂದರೆ ಆ ವಾರದಲ್ಲಿಯೇ ಒಳ್ಳೆಯ ದಿನ ಹುಡುಕಿಕೊಳ್ಳಿ. 'ಈಗಲೇ' ಎಂದರೆ ಅದೇ ಒಳ್ಳೆಯ ಮುಹೂರ್ತ. ಎದೆನೋವು, ಪಾರ್ಶ್ವವಾಯು, ರಕ್ತಸ್ರಾವ, ಹಾವಿನ ಕಡಿತಗಳಿಗೆ ಪಂಚಾಂಗವಿಲ್ಲ.

ಆಪರೇಷನ್ ಮಾಡಿಸಬೇಕೋ ಬೇಡವೋ ಎಂದು ದೇವರ ಮುಂದೆ ಹೂ ಕೇಳುವ, ಪ್ರಶ್ನೆ ಇಡಿಸುವ ರೂಢಿಯೂ ಇದೆ. ಎಡಗಡೆ ಹೂ ಬಿತ್ತೆಂದು ಚಿಕಿತ್ಸೆ ಕೈಬಿಟ್ಟರೆ ಕಷ್ಟ ಅನುಭವಿಸುವವರು ರೋಗಿ. ಕೇಳಲೇಬೇಕೆಂದಿದ್ದರೆ 'ಬೇಕೋ ಬೇಡವೋ' ಎಂದು ಕೇಳಬೇಡಿ. 'ಧೈರ್ಯ ಕೊಡು, ಡಾಕ್ಟರ ಕೈಗೆ ಬಲ ಕೊಡು' ಎಂದು ಬೇಡಿಕೊಳ್ಳಿ. ಮಾಡಿಸುವ ತೀರ್ಮಾನ ರೋಗಿ ಮತ್ತು ವೈದ್ಯರ ನಡುವೆ ಆಗಲಿ. ಕತ್ತಿ ತಾಗಿದರೆ, ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಮೈತುಂಬ ಹರಡುತ್ತದೆ ಎಂಬ ಹೆದರಿಕೆಯೂ ಬೇಡ. ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿದು ಸರಿಯಾದ ಚಿಕಿತ್ಸೆ ಆರಿಸಲು ಆ ಪರೀಕ್ಷೆ ಬೇಕೇಬೇಕು.

ಆಚರಣೆಯಲ್ಲಿ ಎಚ್ಚರ

ನಂಬಿಕೆಯ ಆಚರಣೆಗಳನ್ನು ಬಿಡದೆ, ಸ್ವಲ್ಪ ಬದಲಿಸಿಕೊಂಡರೆ ಸಾಕಾಗುವ ಸಂದರ್ಭಗಳು ಅನೇಕ.

ತಾಳಿ, ತಾಯಿತ, ಉಡಿದಾರ: ಆಪರೇಷನ್‌ಗೆ ಮುಂಚೆ ಲೋಹದ ಒಡವೆಗಳನ್ನೆಲ್ಲ ತೆಗೆಯಲು ನರ್ಸು ಹೇಳುತ್ತಾರೆ. ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದಿಂದ ಲೋಹವಿರುವ ಕಡೆ ಚರ್ಮ ಸುಡುವ ಸಾಧ್ಯತೆಯಿದೆ. ಎಂ.ಆರ್.ಐ. ಯಂತ್ರದಲ್ಲಿ ಬಲವಾದ ಅಯಸ್ಕಾಂತವಿರುತ್ತದೆ. ತಾಳಿ ತೆಗೆಯುವುದು ಅಪಶಕುನವೆಂದು ನೊಂದುಕೊಳ್ಳುವ ಹೆಣ್ಣುಮಕ್ಕಳು ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಹಾಕಿಕೊಳ್ಳಬಹುದೇ ಎಂದು ನರ್ಸನ್ನು ಕೇಳಬಹುದು. ಆಪರೇಷನ್ ಕುತ್ತಿಗೆಯ ಭಾಗದಲ್ಲಿದ್ದರೆ ದಾರವನ್ನು ಕೈಗೆ ಕಟ್ಟಿಕೊಂಡರಾಯಿತು.

ಅರಿಶಿನ, ವಿಭೂತಿ, ಎಣ್ಣೆ: ವಿಕಿರಣ ಕೊಡುತ್ತಿರುವ ಜಾಗದ ಚರ್ಮ ಬಹಳ ನಾಜೂಕಾಗಿರುತ್ತದೆ. ಅಲ್ಲಿ ಏನನ್ನೂ ಹಚ್ಚಬೇಡಿ. ಆಸ್ಪತ್ರೆಯವರು ಎಳೆದ ಗುರುತುಗಳನ್ನು ತಿಕ್ಕಿ ಅಳಿಸಬೇಡಿ. ಹಣೆಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಚಿಕಿತ್ಸೆ ಹಣೆಗೇ ಆಗದಿದ್ದರೆ.

ಜನಸಂದಣಿ, ತೀರ್ಥ, ಪ್ರಸಾದ: ಕಿಮೋಥೆರಪಿ ಕೊಟ್ಟ ಒಂದರಿಂದ ಎರಡು ವಾರದ ನಡುವೆ ರಕ್ತದಲ್ಲಿ ಬಿಳಿ ಕಣಗಳು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಆಗ ಸಣ್ಣ ಸೋಂಕೂ ದೊಡ್ಡದಾಗಬಹುದು. ಆ ದಿನಗಳಲ್ಲಿ ಜಾತ್ರೆ, ರಥೋತ್ಸವ, ನದೀಸ್ನಾನ ಬೇಡ. ಕಾಯಿಸದ ನೀರಿನ ತೀರ್ಥವನ್ನು ಕುಡಿಯದೆ ತಲೆಗೆ ಪ್ರೋಕ್ಷಿಸಿಕೊಳ್ಳಿ. ಹಸಿ ಪಂಚಾಮೃತಕ್ಕಿಂತ ಬಿಸಿಯಾಗಿ ಬೇಯಿಸಿದ ಪ್ರಸಾದ ಒಳ್ಳೆಯದು. ಜ್ವರ 100.4 ಡಿಗ್ರಿ ಮುಟ್ಟಿತೆಂದರೆ ದೃಷ್ಟಿ ತೆಗೆಯುತ್ತಾ ಬೆಳಗಾಗುವವರೆಗೆ ಕಾಯಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ.

ಮುಡಿ ಕೊಡುವುದು: ಪ್ಲೇಟ್‌ಲೆಟ್ ಕಣಗಳು ಕಡಿಮೆಯಿರುವಾಗ ಕ್ಷೌರದ ಸಣ್ಣ ಗಾಯದಿಂದಲೂ ರಕ್ತ ನಿಲ್ಲದಿರಬಹುದು. ಕಿಮೋಥೆರಪಿಯಿಂದ ಉದುರಿದ ಕೂದಲು ಚಿಕಿತ್ಸೆ ಮುಗಿದ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ಆ ಹೊಸ ಕೂದಲನ್ನೇ ಕೊಟ್ಟರೆ ಹರಕೆ ಇನ್ನೂ ಅರ್ಥಪೂರ್ಣ.

ಉಪವಾಸ: ಸಕ್ಕರೆ ಕಾಯಿಲೆಯವರು ಏಕಾದಶಿಯಾಗಲಿ ರಮ್ಜಾನ್ ಆಗಲಿ, ವೈದ್ಯರನ್ನು ಮೊದಲೇ ಕಂಡು ಔಷಧಿಯ ಪ್ರಮಾಣ, ಹೊತ್ತು ಬದಲಿಸಿಕೊಳ್ಳಬೇಕು. ಇನ್ಸುಲಿನ್ ಮತ್ತು ಕೆಲವು ಮಾತ್ರೆಗಳನ್ನು ಎಂದಿನಂತೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಉಪವಾಸದ ನಡುವೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300ಕ್ಕಿಂತ ಮೇಲೇರಿದರೆ ಕೂಡಲೇ ಉಪವಾಸ ಮುರಿಯಬೇಕು. ಕಾಲಿನ ಸ್ಪರ್ಶಜ್ಞಾನ ಕಡಿಮೆಯಾದವರು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಬಾರದು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ನಾಟಿ ಔಷಧಿ, ಭಸ್ಮ: ಯಾರೇ ಕೊಟ್ಟಿರಲಿ, ವೈದ್ಯರಿಗೆ ತೋರಿಸದೆ ನುಂಗಬೇಡಿ. ಅಮೆರಿಕದ ಬಾಸ್ಟನ್ ನಗರದ ಅಂಗಡಿಗಳಲ್ಲಿ ಮಾರಾಟಕ್ಕಿದ್ದ 70 ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು ಕಂಡುಬಂದಿತ್ತು. ಕಾಯಿಲೆಯಿಂದ ಬಳಲಿದ ಮೂತ್ರಪಿಂಡ, ಯಕೃತ್ತುಗಳಿಗೆ ಇವು ಇನ್ನಷ್ಟು ಭಾರ.

ಹಾಗಾದರೆ ಪ್ರಾರ್ಥನೆಯಿಂದ ಏನು ಲಾಭ?

ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿದ್ದಾರೆ. ಹೃದಯದ ಬೈಪಾಸ್ ಆಪರೇಷನ್ ಆದ 1,802 ರೋಗಿಗಳನ್ನು ಅಮೆರಿಕದಲ್ಲಿ ಮೂರು ಗುಂಪು ಮಾಡಿ, ಅಪರಿಚಿತರಿಂದ ಪ್ರಾರ್ಥನೆ ಮಾಡಿಸಿ ನೋಡಿದರು. 2006ರಲ್ಲಿ ಫಲಿತಾಂಶ ಬಂತು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯದಿದ್ದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ನಡೆದವರಲ್ಲಿ ಶೇಕಡ 52 ಮಂದಿಗೂ ನಡೆಯದವರಲ್ಲಿ ಶೇಕಡ 51 ಮಂದಿಗೂ ಆಪರೇಷನ್ ನಂತರದ ತೊಡಕುಗಳು ಕಾಣಿಸಿದವು. ಖಂಡಿತ ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿದಿದ್ದವರಲ್ಲಿ ಅದು ಶೇಕಡ 59 ಇತ್ತು.

ಇದರಿಂದ ದೇವರಿದ್ದಾನೋ ಇಲ್ಲವೋ ಎಂಬುದು ತೀರ್ಮಾನವಾಗುವುದಿಲ್ಲ. ಆದರೆ ಪ್ರಾರ್ಥನೆಯನ್ನು ಮಾತ್ರೆಯ ಹಾಗೆ ಎಣಿಸಬಾರದೆಂಬುದು ಸ್ಪಷ್ಟ. ಅದು ಕೊಡುವ ಲಾಭ ಬೇರೆ. ಆಪರೇಷನ್ ಹಿಂದಿನ ರಾತ್ರಿ ನಿದ್ದೆ ಬಾರದವರಿಗೆ ಒಂದಿಷ್ಟು ಸಮಾಧಾನ. ಕಹಿಯಾದ ಚಿಕಿತ್ಸೆಯನ್ನು ತಿಂಗಳುಗಟ್ಟಲೆ ತಡೆದುಕೊಳ್ಳುವ ಶಕ್ತಿ. ತಾನು ಒಂಟಿಯಲ್ಲ ಎಂಬ ಭಾವನೆ. ಭಜನೆಗೆ ಬಂದವರು ರೋಗಿಯ ಮಕ್ಕಳಿಗೆ ಊಟ ಕೊಟ್ಟು ಹೋಗುತ್ತಾರೆ. ಮಸೀದಿಯ ನೆರೆಯವರು ರಕ್ತ ಕೊಡಲು ಬರುತ್ತಾರೆ. ಇದು ಸಣ್ಣ ಸಹಾಯವಲ್ಲ. ಚಿಕಿತ್ಸೆಯನ್ನು ಕೊನೆಯವರೆಗೆ ಮುಗಿಸಲು ಬೇಕಾದ ಧೈರ್ಯವನ್ನು ಕೊಡುವ ನಂಬಿಕೆ ಆರೋಗ್ಯಕರ. ಚಿಕಿತ್ಸೆಯನ್ನು ಬಿಡಿಸುವ ನಂಬಿಕೆ ಅಪಾಯಕರ. ಮನೆಯವರು ಇಟ್ಟುಕೊಳ್ಳಬೇಕಾದ ಅಳತೆಗೋಲು ಇಷ್ಟೇ.

ಪಾಪದ ಲೆಕ್ಕ ಬೇಡ

'ಯಾವ ಜನ್ಮದ ಪಾಪವೋ', 'ದೇವರಿಗೆ ತಪ್ಪಿ ನಡೆದದ್ದಕ್ಕೆ ಹೀಗಾಯಿತು', 'ಸೊಸೆಯ ಕಾಲ್ಗುಣ' ಇಂತಹ ಮಾತುಗಳು ಹಾಸಿಗೆಯಲ್ಲಿರುವವರ ಕಿವಿಗೆ ಬಿದ್ದೇ ಬೀಳುತ್ತವೆ. ಗರ್ಭಕೊರಳಿನ ಕ್ಯಾನ್ಸರಿಗೆ ಬಹುಪಾಲು ಕಾರಣ ಎಚ್.ಪಿ.ವಿ. ಎಂಬ ವೈರಸ್. ಮಕ್ಕಳ ರಕ್ತದ ಕ್ಯಾನ್ಸರಿಗೆ ತಂದೆತಾಯಿಗಳ ಯಾವ ತಪ್ಪೂ ಕಾರಣವಲ್ಲ. ತಾನು ಶಿಕ್ಷೆಗೆ ಅರ್ಹ ಎಂದು ನಂಬಿದ ರೋಗಿ ಚಿಕಿತ್ಸೆಗೆ ಸಹಕರಿಸುವುದಿಲ್ಲ. 'ಬಿಡಿ, ನನ್ನ ಹಣೆಬರಹ' ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಅಂಥವರಿಗೆ ದೇವರು ಶಿಕ್ಷಿಸುವವನಲ್ಲ, ಕೈಹಿಡಿಯುವವನು ಎಂದು ಹೇಳುವ ಹಿರಿಯರು, ಧರ್ಮಗುರುಗಳು ಬೇಕು. ದುಃಖ ವಾರಗಟ್ಟಲೆ ಹೋಗದೆ, ಊಟ ನಿದ್ದೆ ಬಿಟ್ಟಿದ್ದರೆ ವೈದ್ಯರಿಗೆ ತಿಳಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲಿಯೇ ಮಾತನಾಡಬಹುದು.

ವೈದ್ಯರಿಂದ ಮುಚ್ಚಿಡಬೇಡಿ

'ಡಾಕ್ಟರು ಬೈಯುತ್ತಾರೆ' ಎಂಬ ಭಯದಿಂದ ವ್ರತ, ನಾಟಿ ಔಷಧಿ, ಉಪವಾಸಗಳನ್ನು ಮುಚ್ಚಿಡುವವರೇ ಹೆಚ್ಚು. ಹೇಳಿದರೆ ಅವರು ಮಾತ್ರೆಯ ಹೊತ್ತು ಬದಲಿಸಬಹುದು, ಕ್ಷೇತ್ರಕ್ಕೆ ಹೋಗಲು ಎರಡು ಚಿಕಿತ್ಸೆಗಳ ನಡುವಿನ ಸುರಕ್ಷಿತ ದಿನ ತಿಳಿಸಬಹುದು. ಅನೇಕ ಕಿಮೋಥೆರಪಿಗಳನ್ನು 21 ದಿನಕ್ಕೊಮ್ಮೆ ಕೊಡುತ್ತಾರೆ. ಮುಂದಿನ ಸರದಿಗೆ ಸ್ವಲ್ಪ ಮೊದಲು ರೋಗಿ ಸಾಮಾನ್ಯವಾಗಿ ಚೇತರಿಸಿಕೊಂಡಿರುತ್ತಾರೆ. ವೈದ್ಯ ಮಿತ್ರರಿಗೂ ಒಂದು ಮಾತು. 'ಇದೆಲ್ಲ ಮೂಢನಂಬಿಕೆ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ರೋಗಿ ನಂಬಿಕೆಯನ್ನು ಬಿಡುವುದಿಲ್ಲ, ನಿಮ್ಮನ್ನು ಬಿಡುತ್ತಾರೆ.

ವಾಸಿಯಾಗದ ಕಾಯಿಲೆಯಲ್ಲಿ

ಎಲ್ಲ ಚಿಕಿತ್ಸೆಯೂ ಮುಗಿದು, ಇನ್ನು ಗುಣವಾಗದು ಎಂದು ತಿಳಿದ ಮೇಲೆ 'ಆಸ್ಪತ್ರೆಯ ಕೆಲಸ ಮುಗಿಯಿತು, ಇನ್ನು ದೇವರೇ ಗತಿ' ಎನ್ನುತ್ತೇವೆ. ಆಗಲೂ ಔಷಧಿಯ ಕೆಲಸ ಮುಗಿದಿರುವುದಿಲ್ಲ. ನೋವು, ಉಬ್ಬಸ, ವಾಂತಿಗಳನ್ನು ಹತೋಟಿಯಲ್ಲಿಡುವ ಉಪಶಮನ ಆರೈಕೆ ಎಂಬ ಶಾಖೆಯೇ ಇದೆ. 1967ರಲ್ಲಿ ಲಂಡನ್ನಿನಲ್ಲಿ ಆಧುನಿಕ ರೀತಿಯ ಮೊದಲ ಹಾಸ್ಪಿಸ್ ತೆರೆದ ಡಾ. ಸಿಸಿಲಿ ಸಾಂಡರ್ಸ್, ಸಾವಿನ ಸಮೀಪದಲ್ಲಿರುವವರ ನೋವು ಕೇವಲ ದೇಹದ್ದಲ್ಲ, ಮನಸ್ಸು, ಸಂಸಾರ ಮತ್ತು ಆತ್ಮಗಳದ್ದೂ ಹೌದು ಎಂದು ವಿವರಿಸಿದರು. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಇಂತಹ ಆರೈಕೆ ಉಚಿತವಾಗಿ ದೊರೆಯುತ್ತದೆ.

ನೋವಿನಿಂದ ನರಳುವವರಿಗೆ ದೇವರ ನಾಮವೂ ಕಿವಿಗೆ ಇಳಿಯುವುದಿಲ್ಲ. ಮಾರ್ಫಿನ್ ಮಾತ್ರೆಯಿಂದ ನೋವು ಕಡಿಮೆಯಾದ ಮೇಲೆ ಅವರು ಮೊಮ್ಮಕ್ಕಳ ತಲೆ ಸವರುತ್ತಾರೆ, ಬೇಕಾದ ದೇವರನಾಮ ಹೇಳಿಸಿಕೊಳ್ಳುತ್ತಾರೆ, ಮನಸ್ಸಿನಲ್ಲಿದ್ದುದನ್ನು ಹೇಳುತ್ತಾರೆ. ಈ ಘಟ್ಟದಲ್ಲಿ ಔಷಧಿಯೇ ಪ್ರಾರ್ಥನೆಗೆ ದಾರಿ ಮಾಡಿಕೊಡುತ್ತದೆ.

ನಿಮ್ಮ ಮನೆಯಲ್ಲಿ ಇಂತಹ ಕಷ್ಟ ಬಂದಿದ್ದರೆ ಇಂದೇ ಒಂದು ಕೆಲಸ ಮಾಡಿ. ದೇವರ ಕೋಣೆಯಲ್ಲಿ ನೇತುಹಾಕಿರುವ ಕ್ಯಾಲೆಂಡರಿನಲ್ಲಿ ಹಬ್ಬ, ವ್ರತ, ಹರಕೆಯ ದಿನಗಳ ಪಕ್ಕದಲ್ಲಿಯೇ ಆಸ್ಪತ್ರೆಗೆ ಹೋಗಬೇಕಾದ ದಿನಗಳನ್ನೂ ಗುರುತು ಹಾಕಿ. ಎರಡೂ ಒಂದೇ ದಿನ ಬಿದ್ದರೆ ಆಸ್ಪತ್ರೆಗೆ ಹೋಗಿ. ಮನೆಯಲ್ಲಿರುವವರು ದೀಪ ಹಚ್ಚಲಿ.